ದುಂಡು ಕನ್ನದ ಮೊಕದ್ದಮೆ

ನಮ್ಮ ವಾರಪತ್ರಿಕೆಯ ಅಚ್ಚುಕೂಟದಲ್ಲಿ, ಕಿಟಕಿಯ ಪಕ್ಕದ ಹಲಗೆಯ ಮೇಲೆ, ಒಂದು ಸಾಲು ಯಾವಾಗಲೂ ಜೋಡಿಸಿ ದಾರ ಸುತ್ತಿ ಇಟ್ಟಿರುತ್ತಿತ್ತು. ‘ಇದು ಸೆಟ್ಲಮೆಂಟಿನವರ ಕೈವಾಡವೆಂದು ಬಲ್ಲವರ ಅಭಿಪ್ರಾಯ.’ ಗದಗ, ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಎಲ್ಲಿಂದ ಕಳವಿನ ಸುದ್ದಿ ಬಂದರೂ ಅದರ ಕೊನೆಗೆ ಈ ಸಾಲು ಬೇಕಾಗುತ್ತಿತ್ತು. ಪ್ರತಿ ವಾರ ಸೀಸದ ಅಚ್ಚುಮೊಳೆ ಆರಿಸಿ ಹೊಸದಾಗಿ ಜೋಡಿಸುವ ಬದಲು, ಅಚ್ಚಾದ ಮೇಲೆ ಬಿಚ್ಚದೆ ಹಾಗೇ ಎತ್ತಿಡಿ ಎಂದು ಮೊಳೆ ಜೋಡಿಸುವ ಹಿರಿಯರಿಗೆ ಹೇಳಿದವನು ನಾನೇ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಜಾಣತನ ಅದು. ಸಂಪಾದಕರು ಬೆನ್ನು ತಟ್ಟಿದ್ದರು.

ಸೆಟ್ಲಮೆಂಟ್ ಎಂದರೆ ಏನೆಂದು ಇಂದಿನವರಿಗೆ ಹೇಳಬೇಕು. ಬ್ರಿಟಿಷರು ಕೆಲವು ಜಾತಿಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾನೂನು ಮಾಡಿ, ತಂತಿ ಬೇಲಿಯೊಳಗೆ ಇರಿಸಿದ್ದರು. ದಿನಕ್ಕೆ ಎರಡು ಹೊತ್ತು ಹಾಜರಿ ಕೊಡಬೇಕು, ಪಕ್ಕದ ಊರಿಗೆ ಹೋಗಬೇಕಾದರೆ ಚೀಟಿ ಪಡೆಯಬೇಕು. ಸ್ವಾತಂತ್ರ್ಯ ಬಂದ ಮೇಲೆ ಆ ಕಾನೂನು ರದ್ದಾಯಿತು. ನಮ್ಮಲ್ಲಿಯೂ ತಂತಿ ಕತ್ತರಿಸಿದರು. ಕಬ್ಬಿಣದ ಕಂಬಗಳು ಮಾತ್ರ ಬಹಳ ದಿನ ಹಾಗೇ ನಿಂತಿದ್ದವು. ಬೇಲಿಯೊಳಗೆ ಮಗ್ಗ ಕಲಿತಿದ್ದ ಕೆಲವರು ಬೆಟಗೇರಿಯ ನೇಕಾರ ಓಣಿಗಳಿಗೆ ಬಂದು ಬಾಡಿಗೆ ಮನೆ ಹಿಡಿದರು. ಅವರ ಕೈಯ ಸೀರೆಗಳು ಚೆನ್ನಾಗಿಯೇ ಮಾರಾಟವಾಗುತ್ತಿದ್ದವು. ಕಾನೂನು ಹೋದರೂ ನಮ್ಮ ಹಲಗೆಯ ಮೇಲಿನ ಸಾಲು ಹೋಗಲಿಲ್ಲ. ಅದನ್ನು ಬಿಚ್ಚಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆ ಸಾಲಿನಲ್ಲಿದ್ದ ‘ಬಲ್ಲವರು’ ಎಂದರೆ ಹೆಚ್ಚಾಗಿ ಒಬ್ಬರೇ. ನಿವೃತ್ತ ಪೊಲೀಸ್ ಫೌಜದಾರರು. ಗದಗಿನಲ್ಲೇ ಮನೆ ಕಟ್ಟಿಸಿಕೊಂಡಿದ್ದರು. ಬಿಳಿ ಮೀಸೆ, ಮಡಿಸಿದ ಛತ್ರಿ, ಕೋಟಿನ ಕಿಸೆಯಲ್ಲಿ ಗಂಟು ಗಂಟಾಗಿ ಗುರುತು ಮಾಡಿದ ಒಂದು ನೂಲಿನ ಎಳೆ. ಕಳ್ಳರು ಮನೆಯ ಗೋಡೆಗೆ ಕೊರೆದ ಕನ್ನವನ್ನು ಅವರು ಆ ಎಳೆಯಿಂದ ಅಳೆದು, ನೋಡಿದ ಮಾತ್ರಕ್ಕೆ ಇದು ಇಂಥವರ ಕೈ ಎಂದು ಹೇಳುತ್ತಿದ್ದರು. ಆ ಅನುಭವವನ್ನೇ ನಮ್ಮ ಪತ್ರಿಕೆಗೆ ಅಂಕಣವಾಗಿ ಬರೆಯುತ್ತಿದ್ದರು. ಓದುಗರಿಗೆ ಅದು ಬಹಳ ಹಿಡಿಸಿತ್ತು. ಕೋಟುಮಚಗಿಯಲ್ಲಿ ನಮ್ಮ ಪತ್ರಿಕೆ ಇಳಿಯುವ ಬಸ್ಸಿಗೆ ಜನ ಕಾಯುತ್ತಿದ್ದರು ಎಂದು ಏಜೆಂಟರು ಹೇಳುತ್ತಿದ್ದರು.

ಫೌಜದಾರರ ಸಿದ್ಧಾಂತ ಸರಳವಾಗಿತ್ತು. ಕನ್ನ ಚೌಕವಾಗಿದ್ದರೆ ಊರ ಕಳ್ಳರು ಕೊರೆದದ್ದು. ದುಂಡಗಿದ್ದರೆ ಸೆಟ್ಲಮೆಂಟಿನವರದು. ಚಿಕ್ಕಂದಿನಿಂದ ಅವರ ಮಣಿಕಟ್ಟು ಹಾಗೆ ತಿರುಗಿ ಪಳಗಿರುತ್ತದೆ, ಬೇಕೆಂದರೂ ಚೌಕ ಕೊರೆಯಲಾರರು ಎಂದು ಕಾರಣ ಕೊಟ್ಟಿದ್ದರು. ಅಂಕಣದ ಜೊತೆಗೆ ಎರಡು ಚಿತ್ರಗಳನ್ನೂ ಬರೆದುಕೊಟ್ಟಿದ್ದರು. ಅವನ್ನು ಮರದ ಅಚ್ಚಿನಲ್ಲಿ ಕೆತ್ತಿಸಿ ಹಾಕಿದ್ದೆವು.

ಇದಾದ ಕೆಲವು ತಿಂಗಳಿಗೆ ಶಿರಹಟ್ಟಿಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯ ಹಿತ್ತಲ ಗೋಡೆಗೆ ಕನ್ನ ಬಿತ್ತು. ಬೆಳ್ಳಿ ಸಾಮಾನು, ಹಿತ್ತಾಳೆ ಕೊಡಗಳು ಹೋದವು. ಹಿಂದಿನ ದಿನ ಆ ವ್ಯಾಪಾರಿಗೆ ಸೀರೆ ಮುಟ್ಟಿಸಲು ಬೆಟಗೇರಿಯಿಂದ ಒಬ್ಬ ನೇಕಾರ ಹೋಗಿದ್ದ. ಸೆಟ್ಲಮೆಂಟಿನಲ್ಲಿ ಹುಟ್ಟಿ ಬೆಳೆದವನು. ಮೂರನೆಯ ದಿನ ಅವನನ್ನು ಮಗ್ಗದಿಂದಲೇ ಎಬ್ಬಿಸಿ ಕರೆದೊಯ್ದರು. ಅವನ ಮನೆಯಲ್ಲಿ ಒಂದು ಲೋಟವೂ ಸಿಕ್ಕಲಿಲ್ಲ. ಅವನ ವಿರುದ್ಧ ಇದ್ದದ್ದು ಎರಡೇ ಮಾತು: ಹಿಂದಿನ ದಿನ ಅವನು ಶಿರಹಟ್ಟಿಯಲ್ಲಿದ್ದ, ಕನ್ನ ದುಂಡಗಿತ್ತು. ಸುದ್ದಿಯನ್ನು ನಾನು ಬರೆದೆ. ಹಿರಿಯರು ಹಲಗೆಯಿಂದ ಸಾಲನ್ನು ಎತ್ತಿ ಕೊನೆಗೆ ಸೇರಿಸಿದರು.

ಮರು ವಾರ, ಪತ್ರಿಕೆ ಮಡಿಸುವ ಹೊತ್ತಿನಲ್ಲಿ, ಒಬ್ಬ ಹೆಂಗಸು ಅಚ್ಚುಕೂಟದ ಬಾಗಿಲಿಗೆ ಬಂದು ನಿಂತಳು. ಮೂವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಬಿಗಿದಿತ್ತು, ಬೆರಳಿಗೆ ನೂಲಿನ ಬಣ್ಣ ಹತ್ತಿತ್ತು. ಒಳಗೆ ಬರಲು ಹೇಳಿದರೂ ಬರಲಿಲ್ಲ.

“ಕಡೀ ಸಾಲು ಬರಿಯಾವರು ನೀವ ಏನ್ರಿ?” ಎಂದು ಕೇಳಿದಳು.

ನಾನು ಹೌದೆಂದೆ. ಅವಳು ಆ ನೇಕಾರನ ಹೆಂಡತಿ. ಓದಲು ಬರೆಯಲು ಬಾರದವಳು. ಆದರೆ ವಾರಕ್ಕೊಮ್ಮೆ ಓಣಿಯ ಚಹಾ ಅಂಗಡಿಯವನ ಮುಂದೆ ನಿಂತು ಕಳವಿನ ಸುದ್ದಿಯೊಂದನ್ನೇ ಓದಿಸಿ ಕೇಳುತ್ತಿದ್ದಳಂತೆ. ಕೊನೆಯ ಸಾಲು ಇದ್ದರೆ ಆ ದಿನವೇ ಪೊಲೀಸರು ಓಣಿಗೆ ಬಂದು ಮನೆ ಮನೆ ತಡಕುತ್ತಿದ್ದರು. ಹಾಗಾಗಿ ಕಾಳು ಕಡಿ ಡಬ್ಬಿಗಳನ್ನು ಮೊದಲೇ ಖಾಲಿ ಮಾಡಿ ಜೋಡಿಸಿಟ್ಟು ಕಾಯುತ್ತಿದ್ದಳು. ಅವರು ಬಂದು ನೆಲಕ್ಕೆ ಸುರಿದರೆ ಆರಿಸುವುದು ಕಷ್ಟ. ಇದನ್ನೆಲ್ಲ ಅಳದೆ, ಸಂತೆಯಲ್ಲಿ ಕಾಯಿಪಲ್ಯೆಯ ಧಾರಣೆ ಹೇಳಿದ ಹಾಗೆ ಹೇಳಿದಳು.

“ನನಗ ಓದಾಕ ಬರೂದಿಲ್ಲ. ಆದ್ರ ನಿಮ್ಮ ಸಾಲು ಬಾಯಿಪಾಠ ಐತಿ,” ಎಂದು ಅದನ್ನು ಒಂದು ಅಕ್ಷರ ತಪ್ಪದೆ ಹೇಳಿದಳು. “ಅದರಾಗ ಬಲ್ಲವರು ಅಂತೀರಲ್ರಿ, ಅವರು ಯಾರು? ಅವರ ಮನಿ ಎಲ್ಲೈತಿ ಹೇಳ್ರಿ. ನಾನ ಹೋಗಿ ಕೇಳ್ತೇನಿ, ನನ್ನ ಗಂಡನ್ನ ನೀವು ಯಾವಾಗ ನೋಡೀರಿ ಅಂತ.”

ಆಕೆ ಹೋದ ಮೇಲೆ ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿ ಕುಳಿತೆ. ಸುದ್ದಿಗಾರನಿಗೆ ಅದು ದೊಡ್ಡ ಕೆಲಸವೇನಲ್ಲ: ಒಂದು ಮಾತು ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋಗುವುದು. ನನ್ನ ಸುದ್ದಿಗಳಲ್ಲಿ ‘ಬಲ್ಲವರ ಅಭಿಪ್ರಾಯ’ ಎಂದಿತ್ತು. ಅದು ಫೌಜದಾರರ ಅಂಕಣದಿಂದ ಬಂದದ್ದು. ಅಂಕಣದಲ್ಲಿ ತಮ್ಮ ಸಿದ್ಧಾಂತಕ್ಕೆ ಆಧಾರವಾಗಿ ಅವರು ‘ಪತ್ರಿಕೆಗಳಲ್ಲಿ ವಾರ ವಾರವೂ ವರದಿಯಾಗುತ್ತಿರುವಂತೆ’ ಎಂದು ಬರೆದಿದ್ದರು. ಆ ಪತ್ರಿಕೆ ನಮ್ಮದು, ವರದಿ ನನ್ನದು. ಅವರು ನನ್ನನ್ನು ನೋಡಿ ಬರೆದಿದ್ದರು, ನಾನು ಅವರನ್ನು ನೋಡಿ ಬರೆದಿದ್ದೆ. ನಮ್ಮಿಬ್ಬರ ನಡುವೆ ಒಂದು ಕನ್ನವನ್ನಾದರೂ ಸರಿಯಾಗಿ ವಿಚಾರಿಸಿದವರು ಯಾರೂ ಇರಲಿಲ್ಲ.

ಸಂಪಾದಕರ ಮುಂದೆ ಸಂಚಿಕೆಗಳನ್ನು ಹರವಿದೆ. ಅವರು ದಪ್ಪ ಮೈಯ, ನಿಧಾನ ಮಾತಿನ ಮನುಷ್ಯ. ಏಕೀಕರಣದ ಸಭೆಗಳಲ್ಲಿ ಮಾತ್ರ ದನಿ ಏರಿಸುತ್ತಿದ್ದರು. ಎಲ್ಲವನ್ನೂ ಓದಿ ಕನ್ನಡಕ ತೆಗೆದರು.

“ಮೊಕದ್ದಮೆ ಕೋರ್ಟಿನ್ಯಾಗ ಐತಿ. ಅದರ ಬಗ್ಗೆ ಒಂದಕ್ಷರ ಬರಿಯೂ ಹಂಗಿಲ್ಲ,” ಎಂದರು. “ಕನ್ನದ ಬಗ್ಗೆ ಬರೀಬಹುದು. ಆದ್ರ ಕನ್ನದ ಬಗ್ಗೆ ನಿನಗೇನ ಗೊತ್ತೈತಿ?”

ನನಗೇನೂ ಗೊತ್ತಿಲ್ಲ ಎಂದೆ.

“ಮತ್ತ ಹೋಗಿ ತಿಳಕೊಂಡು ಬಾ. ತಿಳಿಯೂತನಕ ಪೆನ್ನು ಮುಟ್ಟಬ್ಯಾಡ.”

ನೇಕಾರನ ಪರವಾಗಿ ಒಬ್ಬ ವಕೀಲರು ನಿಂತಿದ್ದರು. ಎಲ್ಲಿ ಹುಡುಕಬೇಕು ಎಂದು ದಾರಿ ತೋರಿಸಿದವರು ಅವರು. ಲಕ್ಷ್ಮೇಶ್ವರ, ಶಿರಹಟ್ಟಿ ಎರಡೂ ಸ್ವಾತಂತ್ರ್ಯದ ತನಕ ದೇಶೀ ಅರಸರ ಸಂಸ್ಥಾನಗಳ ಊರುಗಳು. ಬ್ರಿಟಿಷರ ಪೊಲೀಸರಿಗೆ ಅಲ್ಲಿ ಅಧಿಕಾರವಿರಲಿಲ್ಲ. ಫೌಜದಾರರು ಆ ಕಡೆ ಒಂದು ಕನ್ನವನ್ನೂ ಅಳೆದವರಲ್ಲ. ಸಂಸ್ಥಾನ ವಿಲೀನವಾದಾಗ ಅಲ್ಲಿಯ ಫೌಜದಾರಿ ದಫ್ತರವನ್ನೆಲ್ಲ, ಎಂದರೆ ಕಳವು ಮೊಕದ್ದಮೆಗಳ ಕಾಗದಗಳನ್ನೆಲ್ಲ, ಬಟ್ಟೆಯಲ್ಲಿ ಕಟ್ಟಿ ಲಕ್ಷ್ಮೇಶ್ವರದ ಕಚೇರಿಯ ಅಟ್ಟದ ಮೇಲೆ ಎಸೆದಿದ್ದರು. ಸೆಟ್ಲಮೆಂಟ್ ಹುಟ್ಟುವ ಮೊದಲಿನ ಕಾಗದಗಳೂ ಅದರಲ್ಲಿದ್ದವು. ಸೆಟ್ಲಮೆಂಟೇ ಇಲ್ಲದಾಗ ಕನ್ನ ಯಾವ ಆಕಾರದಲ್ಲಿತ್ತು ಎಂದು ಅಲ್ಲಿ ಗೊತ್ತಾಗಬಹುದಿತ್ತು. ತೊಡಕು ಒಂದೇ. ಕಾಗದವೆಲ್ಲ ಮೋಡಿ ಲಿಪಿಯಲ್ಲಿತ್ತು. ಮರಾಠಿಯನ್ನು ಕೈ ಎತ್ತದೆ ಬರೆಯುವ ಆ ಹಳೆಯ ಲಿಪಿಯನ್ನು ಓದುವವರು ಹೊಸ ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ.

ಊರಲ್ಲಿ ಒಬ್ಬರು ಉಳಿದಿದ್ದರು. ಸಂಸ್ಥಾನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಮನೆಯ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ನಾನು ಬಂದ ಕೆಲಸ ಹೇಳಿದೆ. ಅಡಕತ್ತರಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸಂಸ್ಥಾನ ಹೋತು, ದಫ್ತರ ರದ್ದಿ ಆತು ಅಂತ ಎಲ್ಲಾರೂ ಅಂದ್ರು. ಈಗ ಪತ್ರಿಕಾದಾವರು ಅದ ರದ್ದಿ ಹುಡಿಕ್ಕೋತ ಬಂದೀರಿ,” ಎಂದರು. ಕೋಟು, ರುಮಾಲು ಧರಿಸಿ ಬಂದರು. ರುಮಾಲು ಸುತ್ತಿಕೊಂಡದ್ದು ಬಹಳ ವರ್ಷಗಳ ಮೇಲೆ ಎಂದು ಒಳಗಿನಿಂದ ಅವರ ಹೆಂಡತಿ ಹೇಳಿದ್ದು ಕೇಳಿಸಿತು.

ಕಚೇರಿಯ ಅಪ್ಪಣೆ ಪಡೆದು ದಿನವಿಡೀ ಕುಳಿತೆವು. ಹೀಗೆ ಹಲವು ವಾರ, ಕಚೇರಿಗೆ ರಜೆಯಿದ್ದ ದಿನ ಬಿಟ್ಟು, ಹೋಗಿ ಬಂದೆ. ಶಿರಸ್ತೇದಾರರು ಓದಿ ಕನ್ನಡದಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ನಮ್ಮ ಪುಣ್ಯಕ್ಕೆ ಸಂಸ್ಥಾನದ ಒಂದು ಪದ್ಧತಿ ನೆರವಿಗೆ ಬಂತು. ಕನ್ನ ಬಿದ್ದಲ್ಲಿ ಪಂಚರು ಪಂಚನಾಮೆ ಬರೆಯುವಾಗ ಗೋಡೆ ಯಾವುದರದು, ತುಂಬಿ ಮುಚ್ಚಲು ಏನೇನು ಬೇಕು ಎಂದು ನಮೂದಿಸಲೇಬೇಕಾಗಿತ್ತು. ಮಣ್ಣಿನ ಹೆಂಟೆಯ ಗೋಡೆಯೋ, ಇಟ್ಟಂಗಿಯದೋ, ಕಲ್ಲಿನದೋ ಎಲ್ಲ ಇತ್ತು. ಕನ್ನದ ಆಕಾರವೂ ಇತ್ತು. ನಮ್ಮ ಕಡೆ ಪೊಲೀಸ್ ಕಾಗದದಲ್ಲಿ ಆಕಾರ ಬರೆಯುತ್ತಿದ್ದರು, ಗೋಡೆಯನ್ನು ಬರೆಯುತ್ತಿರಲಿಲ್ಲ.

“ನೀವು ಒಂದು ಕಳವು ಒಂದು ಸಾಲಿನ್ಯಾಗ ಮುಗಸ್ತೀರಿ,” ಎಂದು ಅವರು ಆಗಾಗ ಚುಚ್ಚುತ್ತಿದ್ದರು. “ನಾವು ಒಂದು ಕನ್ನಕ್ಕ ಎರಡು ಪುಟ ಬರೀತಿದ್ವಿ. ಹೊಟ್ಟಿಗೆ ಕಡಿಮಿ ಇದ್ರೂ ಕಾಗದಕ್ಕ ಕಡಿಮಿ ಮಾಡಲಿಲ್ಲ.”

ನಾನು ಹಾಳೆಯಲ್ಲಿ ಗೆರೆ ಎಳೆದು ಮೂರು ಖಾನೆ ಮಾಡಿಕೊಂಡಿದ್ದೆ. ಗೋಡೆ ಎಂಥದು, ಕನ್ನ ಎಂಥದು, ಕಡೆಗೆ ಶಿಕ್ಷೆಯಾದದ್ದು ಯಾರಿಗೆ. ಎರಡನೆಯ ವಾರಕ್ಕೆ ಹಾಳೆ ತಾನಾಗಿ ಮಾತಾಡತೊಡಗಿತು. ಹೆಂಟೆಯ ಗೋಡೆ ಇದ್ದಲ್ಲಿ ಕನ್ನ ದುಂಡು. ಇಟ್ಟಂಗಿ ಇದ್ದಲ್ಲಿ ಚೌಕ. ಕಲ್ಲು ಇದ್ದಲ್ಲಿ ಯಾವ ಕಲ್ಲು ಕಿತ್ತರೋ ಆ ಕಲ್ಲಿನ ಆಕಾರ. ದುಂಡು ಕನ್ನ ಕೊರೆದು ಸಿಕ್ಕಿಬಿದ್ದವರು ಯಾರೆಂದರೆ, ಮನೆಯೊಡೆಯನ ತಮ್ಮನ ಮಗ, ಕಿರಾಣಿ ಅಂಗಡಿಯ ಪಾಲುದಾರ, ಕಾವಲಿಗೆ ಇಟ್ಟುಕೊಂಡ ಆಳು, ಒಂದು ಮರ್ಯಾದಸ್ಥ ಮನೆತನದ ಅಳಿಯ. ಶಿರಸ್ತೇದಾರರು ಅಳಿಯನ ಮೊಕದ್ದಮೆ ಓದುವಾಗ ಸುತ್ತ ನೋಡಿ ದನಿ ತಗ್ಗಿಸಿದರು. ಆ ಮನೆತನದವರು ಈಗಲೂ ಅವರ ಓಣಿಯಲ್ಲೇ ಇದ್ದರಂತೆ.

ಇನ್ನೂ ಒಂದು ಮಾತು ಉಳಿದಿತ್ತು: ಯಾಕೆ ಹಾಗಾಗುತ್ತದೆ? ಅದಕ್ಕೆ ಶಿರಹಟ್ಟಿಗೆ ಹೋಗಿ, ಆ ಬಟ್ಟೆ ವ್ಯಾಪಾರಿಯ ಗೋಡೆಯನ್ನು ಮುಚ್ಚಿದ ಗೌಂಡಿಯನ್ನು ಹುಡುಕಿದೆ. ಅವನು ಇನ್ನೊಂದು ಮನೆಯ ಮಾಳಿಗೆಯ ಮೇಲೆ ಮಣ್ಣು ಬಡಿಯುತ್ತಿದ್ದ. ಕೆಳಗಿಳಿಯದೆ, ಮೇಲಿನಿಂದಲೇ ಉತ್ತರ ಕೊಟ್ಟ.

“ಅದು ಹೆಂಟಿ ಗ್ವಾಡಿರಿ. ಹೆಂಟಿ ಗ್ವಾಡಿ ಅಂದ್ರ ಒಂದ ಮುದ್ದಿ ಇದ್ದಂಗ್ರಿ. ಹಾರಿ ಹಾಕಿದ್ರ ಸುತ್ತಲೂ ಉದರ್ತೈತಿ. ಮೂಲಿ ನಿಲ್ಲೂದಿಲ್ಲ. ಇಟ್ಟಂಗಿ ಆದ್ರ ಒಂದೊಂದ ತಗೀಬೇಕು, ಅದಕ್ಕ ಮೂಲಿ ನಿಲ್ತಾವು. ಇದರಾಗ ಕೇಳೂದೇನೈತಿ?” ಎಂದ. ಮತ್ತೆ ಮಣ್ಣು ಬಡಿಯುತ್ತ, “ಪೊಲೀಸ್ರು ನನ್ನ ಕೇಳಲೇ ಇಲ್ಲ,” ಎಂದ.

ಫೌಜದಾರರ ತಪ್ಪು ಎಲ್ಲಿ ಹುಟ್ಟಿತ್ತು ಎಂದು ಆಗ ತಿಳಿಯಿತು. ಅವರ ಠಾಣೆಯ ಪೇಟೆಯಲ್ಲಿ ಇಟ್ಟಂಗಿಯ ಮನೆಗಳು, ಸುತ್ತಲಿನ ಹಳ್ಳಿಗಳಲ್ಲಿ ಹೆಂಟೆಯ ಮನೆಗಳು. ಹಳ್ಳಿಯಲ್ಲಿ ಕನ್ನ ಬಿದ್ದರೆ ಮೊದಲು ಸೆಟ್ಲಮೆಂಟಿನವರನ್ನು ಹಿಡಿದು ತರುವುದು ವಾಡಿಕೆ. ಹಿಡಿದವರ ಪೈಕಿ ಯಾರೋ ಒಬ್ಬನಿಗೆ ಶಿಕ್ಷೆಯಾಗುತ್ತಿತ್ತು. ಹೀಗೆ ವರ್ಷಗಟ್ಟಲೆ ದುಂಡು ಕನ್ನವೂ ಸೆಟ್ಲಮೆಂಟೂ ಒಟ್ಟೊಟ್ಟಿಗೆ ಅವರ ಕಣ್ಣಿಗೆ ಬಿದ್ದಿದ್ದವು. ಅವರು ಸುಳ್ಳು ಹೇಳಿದವರಲ್ಲ. ತಾವೇ ಹಿಡಿದು ತಂದವರನ್ನು ನೋಡಿ ಲೆಕ್ಕ ಹಾಕಿದ್ದರು, ಅಷ್ಟೆ.

ನನ್ನ ಲೇಖನವನ್ನು ಸಂಪಾದಕರು ಮೂರು ಸಲ ತಿದ್ದಿದರು. ಮೊಕದ್ದಮೆಯ ಮಾತಿಲ್ಲ, ಶಿರಹಟ್ಟಿಯ ಮಾತಿಲ್ಲ, ಫೌಜದಾರರ ಹೆಸರಿಲ್ಲ. ಗೋಡೆ ಮತ್ತು ಕನ್ನ, ಹಳೆಯ ದಫ್ತರ ಏನು ಹೇಳುತ್ತದೆ ಎಂಬುದಷ್ಟೇ. ‘ಆಶ್ಚರ್ಯ’, ‘ಅನ್ಯಾಯ’ ಎಂಬ ಎರಡು ಪದಗಳನ್ನು ನಾನು ಹಾಕಿದ್ದೆ. ಎರಡನ್ನೂ ಹೊಡೆದು ಹಾಕಿದರು. ಓದುವವರಿಗೆ ಅನ್ನಿಸಿದರೆ ಅವರೇ ಅಂದುಕೊಳ್ಳುತ್ತಾರೆ ಎಂದರು.

ಪತ್ರಿಕೆ ಹೊರಬಿದ್ದ ದಿನವೇ ಫೌಜದಾರರ ಪತ್ರ ಬಂತು. ಕಾಗದ ಓದಿ ಕನ್ನ ತಿಳಿಯಲು ಬಾರದು, ತಾವು ಗೋಡೆಯ ಮುಂದೆ ಮಂಡಿಯೂರಿ ಕಲಿತವರು ಎಂದು ಬರೆದಿದ್ದರು. ಸಂಪಾದಕರು ಅದನ್ನು ಒಂದಕ್ಷರ ಬಿಡದೆ ಅಚ್ಚು ಮಾಡಿದರು. ಅದರ ಕೆಳಗೆ ಒಂದು ವಿನಂತಿ: ಬೆಟಗೇರಿಯಲ್ಲಿ ಒಂದು ಹಳೆಯ ಮನೆಯನ್ನು ಕೆಡವಲಿದ್ದಾರೆ, ಹಿತ್ತಲಿಗೆ ಹೆಂಟೆಯ ಗೋಡೆ, ಪಡಸಾಲೆಗೆ ಇಟ್ಟಂಗಿಯ ಗೋಡೆ. ನಾವು ಎರಡರಲ್ಲೂ ಕನ್ನ ಕೊರೆಸಿ ಇಟ್ಟಿರುತ್ತೇವೆ. ತಾವು ಬಂದು ಯಾರ ಕೈ ಎಂದು ಹೇಳಬೇಕು. ಸರಿಯಾದರೆ ಮುಖಪುಟದಲ್ಲಿ ನಮ್ಮ ಸೋಲನ್ನು ಒಪ್ಪಿಕೊಳ್ಳುತ್ತೇವೆ. ಇದರಿಂದ ಕೋರ್ಟಿಗೆ ತೊಡಕಿಲ್ಲವೇ ಎಂದು ವಕೀಲರನ್ನು ಮೊದಲೇ ಕೇಳಿದ್ದೆವು. ಮೊಕದ್ದಮೆಯ ಮಾತೆತ್ತದಿದ್ದರೆ ತೊಡಕಿಲ್ಲ ಎಂದಿದ್ದರು. ಫೌಜದಾರರು ಕೂಡಲೇ ಒಪ್ಪಿದರು. ತಮ್ಮ ವಿದ್ಯೆಯ ಮೇಲೆ ಅವರಿಗೆ ಅಷ್ಟು ನಂಬಿಕೆಯಿತ್ತು. ಆ ನಂಬಿಕೆಯನ್ನು ನಾನು ಈಗಲೂ ಗೌರವಿಸುತ್ತೇನೆ.

ಆ ದಿನ ಬೆಳಿಗ್ಗೆ ಕನ್ನ ಕೊರೆಯುವ ಕೆಲಸ ನಡೆಯಿತು. ಇಟ್ಟಂಗಿಯದಕ್ಕೆ ಶಿರಹಟ್ಟಿಯ ಗೌಂಡಿಯನ್ನೇ ಕರೆಸಿದ್ದೆವು. ಹೆಂಟೆಯದನ್ನು ತಾವೇ ಕೊರೆಯುವುದಾಗಿ ಹೇಳಿ ಸಂಪಾದಕರು ಹಾರೆ ತೆಗೆದುಕೊಂಡರು. ಅವರು ಹುಟ್ಟಿ ಹಾರೆ ಹಿಡಿದವರಲ್ಲ. ಧೋತರ ಮೇಲೆ ಕಟ್ಟಿ, ಬೆವರುತ್ತ, ನಡುನಡುವೆ ಕುಳಿತುಕೊಳ್ಳುತ್ತ, ಅಂತೂ ಒಬ್ಬ ಮನುಷ್ಯ ನುಸುಳುವಷ್ಟು ಕೊರೆದರು. ಕೊರೆದದ್ದು ಗಾಲಿಯ ಹಾಗೆ ದುಂಡಗಾಗಿತ್ತು. ಗೌಂಡಿ ನೋಡಿ, “ಸಾವಕಾರ್ರ, ನೀವು ದೊಡ್ಡ ಮನಶ್ಯಾರು, ಕನ್ನನೂ ದೊಡ್ಡದ ಬಿತ್ತು,” ಎಂದ.

ಮಧ್ಯಾಹ್ನ ಫೌಜದಾರರು ಬಂದರು. ನೋಡಲು ಓಣಿಯ ಜನ ಸೇರಿದ್ದರು. ನೇಕಾರನ ಹೆಂಡತಿಯೂ ಹಿಂದೆ ನಿಂತಿದ್ದಳು. ಅವಳನ್ನು ನಾವು ಕರೆದಿರಲಿಲ್ಲ. ಫೌಜದಾರರು ಛತ್ರಿ ಗೋಡೆಗೆ ಒರಗಿಸಿ, ಕಿಸೆಯಿಂದ ಎಳೆ ತೆಗೆದು, ಮಂಡಿಯೂರಿ ಮೊದಲು ಚೌಕ ಕನ್ನವನ್ನು ಅಳೆದರು. ಊರವರದು ಎಂದರು. ಆಮೇಲೆ ಹಿತ್ತಲಿಗೆ ಹೋದರು. ಅಲ್ಲಿ ಬಹಳ ಹೊತ್ತು ಬೇಕಾಗಲಿಲ್ಲ. ಅಂಚಿನ ಮೇಲೆ ಬೆರಳಾಡಿಸಿ ಎದ್ದು ನಿಂತರು.

“ಇದು ಅವರ ಕೈ. ಮಣಿಕಟ್ಟು ನೋಡ್ರಿ ಹ್ಯಾಂಗ ತಿರಗೇತಿ. ಹತ್ತು ಸಲ ಕೇಳಿದ್ರೂ ಇದ ಹೇಳ್ತೇನಿ.”

ಸಂಪಾದಕರು ಮುಂದೆ ಬಂದು ಎರಡೂ ಕೈ ಜೋಡಿಸಿ ಚಾಚಿದರು. ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು.

“ಹಂಗಾದ್ರ ಬೇಡಿ ಹಾಕ್ರಿ, ಫೌಜದಾರ್ರ. ನಾನ ಕೊರದೇನಿ.”

ಯಾರೋ ನಗಲು ಹೋಗಿ ನಿಲ್ಲಿಸಿದರು. ಫೌಜದಾರರು ಸಂಪಾದಕರ ಬೊಬ್ಬೆಗಳನ್ನು ನೋಡಿದರು, ಗೋಡೆಯನ್ನು ನೋಡಿದರು, ನೂಲಿನ ಎಳೆಯನ್ನು ಮಡಿಸಿ ಕಿಸೆಗೆ ಹಾಕಿದರು. ಅವರು ಹೊರಟುಹೋಗುತ್ತಾರೆ ಎಂದೇ ನಾನು ಅಂದುಕೊಂಡೆ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಗೌಂಡಿಯ ಕಡೆ ಕೈ ಚಾಚಿ ಹಾರೆ ಕೇಳಿದರು. ಅದೇ ಹೆಂಟೆಯ ಗೋಡೆಯ ಇನ್ನೊಂದು ತುದಿಗೆ ಹೋಗಿ ಕೊರೆಯತೊಡಗಿದರು. ಚೌಕ ಮಾಡಬೇಕೆಂದು ಅವರು ಮೂಲೆಗಳನ್ನು ಹಾರೆಯ ತುದಿಯಿಂದ ಎಚ್ಚರದಿಂದ ಕೆತ್ತಿದ್ದನ್ನು ನಾವೆಲ್ಲ ನೋಡಿದೆವು. ಪ್ರತಿ ಸಲ ಮೂಲೆ ಉದುರಿತು. ಎಪ್ಪತ್ತು ದಾಟಿದ ಮನುಷ್ಯ ಬಿಳಿ ಮೀಸೆಯ ಮೇಲೆ ಮಣ್ಣು ಬೀಳಿಸಿಕೊಂಡು ಮೊಣಕೈ ಉದ್ದದ ತನಕ ಕೊರೆದು, ಹಾರೆ ಊರಿ ನಿಂತರು. ಎದುರಿಗೆ ದುಂಡನೆಯ ಕನ್ನವಿತ್ತು.

“ನಲವತ್ತು ವರ್ಷ ಕನ್ನ ನೋಡಿದೆ,” ಎಂದರು ಗೌಂಡಿಗೆ. “ಒಂದ ಸಲನೂ ಹಾರಿ ಹಿಡೀಲಿಲ್ಲ ನೋಡಪಾ.”

ಗೌಂಡಿ ಅವರಿಗೆ ನೀರು ಕೊಟ್ಟ. ಹಿಂದೆ ನಿಂತಿದ್ದ ನೇಕಾರನ ಹೆಂಡತಿ ಆಗ ಮುಂದೆ ಬಂದಳು. ಬೈಯುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವಳು ತನ್ನ ಸೆರಗಿನಿಂದ ಅವರ ಛತ್ರಿಯ ಮಣ್ಣು ಒರೆಸಿ, ಕೈಗೆ ಕೊಟ್ಟು, ಒಂದೇ ಮಾತು ಕೇಳಿದಳು.

“ಯಪ್ಪಾ, ಇದನ್ನ ಕೋರ್ಟಿನ್ಯಾಗ ಹೇಳ್ತೀರೇನು?”

ಅವರು ನನ್ನ ಕೈಯಿಂದ ಕೋಟು ತೆಗೆದುಕೊಂಡು ಹೊರಟುಹೋದರು. ಮೊಕದ್ದಮೆಯ ಮಾತೆತ್ತಬಾರದು ಎಂದು ವಕೀಲರು ಹೇಳಿದ್ದರು. ನಾವು ಎತ್ತಿರಲಿಲ್ಲ, ಅವಳು ಎತ್ತಿದ್ದಳು. ಆ ವಾರ ನಾವು ನಡೆದದ್ದನ್ನು ಮಾತ್ರ ಸುದ್ದಿ ಮಾಡಿದೆವು. ಅವಳ ಪ್ರಶ್ನೆಯನ್ನು ಬಿಟ್ಟೆವು.

ವಿಚಾರಣೆಯ ದಿನ ಗದಗಿನ ಕೋರ್ಟಿನಲ್ಲಿ ನಾನು ಗೋಡೆಗೆ ಒರಗಿ ನಿಂತಿದ್ದೆ. ನೇಕಾರನನ್ನು ಆ ದಿನ ಮೊದಲ ಸಲ ನೋಡಿದೆ. ತೆಳ್ಳಗಿನ ಮನುಷ್ಯ, ಕಟಕಟೆಯ ಮರದ ಮೇಲೆ ಅವನ ಬೆರಳುಗಳು ನೂಲು ಎಣಿಸುವ ಹಾಗೆ ಸುಮ್ಮನೆ ಆಡುತ್ತಿದ್ದವು. ಶಿಕ್ಷೆಯಾದರೆ ಅವನು ಜೈಲಿಗೆ ಹೋಗುವುದಷ್ಟೇ ಅಲ್ಲ, ಓಣಿಯಲ್ಲಿದ್ದ ಸೆಟ್ಲಮೆಂಟಿನ ಉಳಿದವರನ್ನೂ ಬಾಡಿಗೆ ಮನೆ ಬಿಡಿಸುತ್ತೇವೆ ಎಂದು ಮನೆ ಮಾಲೀಕರು ಹೇಳಿಯಾಗಿತ್ತು. ಸರಕಾರಿ ವಕೀಲರು ತಮ್ಮ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲೇ ಸೇರಿಸಿದ್ದ ಫೌಜದಾರರನ್ನು ಕರೆದರು. ಅನುಭವ, ಸೇವೆ, ಅಂಕಣ, ಎಲ್ಲವನ್ನೂ ಹೇಳಿಸಿ, ಈ ಕನ್ನ ಯಾರದೆಂದು ತಾವು ಹೇಳಬಲ್ಲಿರಾ ಎಂದು ಕೇಳಿದರು.

ಫೌಜದಾರರು ಇಲ್ಲ ಎಂದರು.

ಸರಕಾರಿ ವಕೀಲರು ದುಂಡು ಕನ್ನದ ಅಂಕಣವಿದ್ದ ಸಂಚಿಕೆಯನ್ನು ಎತ್ತಿ ತೋರಿಸಿ, ಇದನ್ನು ಬರೆದವರು ತಾವೇ ಅಲ್ಲವೇ ಎಂದರು.

“ನಾನ ಬರದೇನ್ರಿ. ಅದು ತಪ್ಪೈತಿ,” ಎಂದರು ಫೌಜದಾರರು. ಅವರ ದನಿ ಠಾಣೆಯ ದನಿಯೇ ಆಗಿತ್ತು, ಅಂಗಳದ ತನಕ ಕೇಳಿಸುವಂಥದು. “ಹೆಂಟಿ ಗ್ವಾಡಿಗೆ ಯಾರು ಕೊರದ್ರೂ ಕನ್ನ ದುಂಡಗ ಆಗ್ತೈತಿ. ಮೊನ್ನಿ ನಾನ ಕೊರದೇನಿ, ನಂದೂ ದುಂಡಗ ಆತು. ದುಂಡು ಕನ್ನ ನೋಡಿ ಈ ಮನಶ್ಯಾನ್ನ ಹಿಡಿಯೂದಾದ್ರ, ನನ್ನನ್ನೂ ಹಿಡೀಬೇಕಾಗ್ತೈತಿ, ಸಾಹೇಬ್ರ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮತ್ತೆ ತಲೆ ಬಾಗಿಸಿ ಆ ಮಾತನ್ನು ನಿಧಾನವಾಗಿ ಬರೆದುಕೊಂಡರು. ಗೌಂಡಿ ಬಂದು ಗೋಡೆಯ ಸಂಗತಿ ಹೇಳಿದ. ಶಿರಸ್ತೇದಾರರು ರುಮಾಲು ಸುತ್ತಿಕೊಂಡು ಬಂದು ದಫ್ತರದ ನಕಲುಗಳನ್ನು ಓದಿ ತೋರಿಸಿದರು. ಮುಂದಿನ ತಾರೀಖಿಗೆ ತೀರ್ಪು ಬಂತು. ನೇಕಾರನ ಬಿಡುಗಡೆಯಾಯಿತು. ಕಟಕಟೆಯಿಂದ ಇಳಿದವನು ಹೆಂಡತಿಯನ್ನು ನೋಡಿ, ಮಗ್ಗದ ಮೇಲಿನ ಹಾಸು ಹಾಗೇ ಐತೇನು ಎಂದು ಕೇಳಿದನಂತೆ. ಹಾಗೇ ಇತ್ತು. ಅವಳು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಶಿರಹಟ್ಟಿಯಲ್ಲಿ ಕದ್ದವರು ಯಾರೆಂದು ಇಂದಿಗೂ ತಿಳಿದಿಲ್ಲ. ತಿಳಿಯದ್ದನ್ನು ನಾನು ಬರೆಯುವುದಿಲ್ಲ.

ಫೌಜದಾರರು ತಮ್ಮ ಕೊನೆಯ ಅಂಕಣವನ್ನು ತಾವೇ ಅಚ್ಚುಕೂಟಕ್ಕೆ ತಂದುಕೊಟ್ಟರು. ಮೊದಲಿನ ಅಂಕಣ ಎಷ್ಟು ಜಾಗದಲ್ಲಿತ್ತೋ ಇದೂ ಅಷ್ಟೇ ಜಾಗದಲ್ಲಿ, ಅದೇ ಪುಟದಲ್ಲಿ ಬರಬೇಕು ಎಂಬುದು ಅವರ ಷರತ್ತು. ಹಾಗೇ ಹಾಕಿದೆವು. ಅದೇ ವಾರ ನಾನೂ ಒಂದು ಪುಟ್ಟ ಟಿಪ್ಪಣಿ ಬರೆದೆ. ‘ಬಲ್ಲವರ ಅಭಿಪ್ರಾಯ’ ಎಂದು ನಾವು ವರ್ಷಗಟ್ಟಲೆ ಹಾಕುತ್ತ ಬಂದದ್ದಕ್ಕೆ ಯಾವ ಆಧಾರವೂ ಇರಲಿಲ್ಲ, ಅದನ್ನು ಬರೆದವನು ನಾನು ಎಂದು. ಅದನ್ನು ಮಾತ್ರ ಸಂಪಾದಕರು ತಿದ್ದಲಿಲ್ಲ.

ಪುಟ ಅಚ್ಚಾದ ಮೇಲೆ ಹಿರಿಯರು ಹಲಗೆಯ ಮೇಲಿನ ಸಾಲನ್ನು ನನ್ನ ಮುಂದೆ ತಂದಿಟ್ಟರು. ಕಟ್ಟಿಸಿದವರು ನೀವು, ಬಿಚ್ಚುವವರೂ ನೀವೇ ಎಂದರು. ದಾರ ಮಸಿ ಹೀರಿ ಕರ್ರಗೆ ಗಟ್ಟಿಯಾಗಿತ್ತು. ಕೊಯ್ದು, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕಿದೆ. ಬಹಳ ಸಲ ಅಚ್ಚಾಗಿ ಅವು ಸವೆದಿದ್ದವು. ಹಿರಿಯರು ಪಕ್ಕದಲ್ಲಿ ನಿಂತು, ನಾನು ತಪ್ಪು ಖಾನೆಗೆ ಹಾಕಿದ್ದನ್ನೆಲ್ಲ ತೆಗೆದು ಸರಿಪಡಿಸುತ್ತಿದ್ದರು.

ಮುಂದೆ ಏಕೀಕರಣದ ದಿನ ಬಂತು. ಗದಗಿನಲ್ಲಿ ಬೆಳಗಿನಿಂದ ಮೆರವಣಿಗೆ. ಸಂಸ್ಥಾನದ ಊರು, ಮುಂಬಯಿಯ ಊರು, ತುಂಗಭದ್ರೆಯ ಆಚೆಯ ಊರು ಎಂಬ ಗೆರೆಗಳೆಲ್ಲ ಅಳಿಸಿ ಒಂದೇ ರಾಜ್ಯವಾಗಿತ್ತು. ಸಂಪಾದಕರು ದನಿ ಬಿದ್ದುಹೋಗುವ ತನಕ ಮಾತಾಡಿ ಬಂದು, ಮುಖಪುಟಕ್ಕೆ ಇದ್ದಬದ್ದ ದೊಡ್ಡ ಅಕ್ಷರಗಳನ್ನೆಲ್ಲ ಹಾಕಿಸಿದ್ದರು. ವಿಶೇಷ ಸಂಚಿಕೆ ಕೊಳ್ಳಲು ಅಚ್ಚುಕೂಟದ ಮುಂದೆ ಜನ ಸಾಲುಗಟ್ಟಿದ್ದರು. ಆ ಸಾಲಿನಲ್ಲಿ ನೇಕಾರನೂ ಅವನ ಹೆಂಡತಿಯೂ ಇದ್ದರು. ಈ ಸಲ ಅವಳು ಬಾಗಿಲಲ್ಲಿ ನಿಲ್ಲದೆ ಒಳಗೇ ಬಂದು, ಪತ್ರಿಕೆಯನ್ನು ಹಿರಿಯರ ಕೈಗೆ ಕೊಟ್ಟು ಓದಲು ಹೇಳಿದಳು. ಹಿರಿಯರು ಕನ್ನಡಕ ಏರಿಸಿ ಮುಖಪುಟದ ದೊಡ್ಡ ತಲೆಬರಹಕ್ಕೆ ಕೈ ಹಾಕಿದರು.

“ಅದಲ್ರಿ. ಕಳವಿನದು ಐತೇನು ನೋಡ್ರಿ,” ಎಂದಳು.

ಒಳಪುಟದ ಮೂಲೆಯಲ್ಲಿ ಒಂದಿತ್ತು. ಮುಂಡರಗಿಯ ಒಂದು ಅಂಗಡಿಗೆ ಕನ್ನ ಬಿದ್ದು ಬಟ್ಟೆಯ ಗಂಟುಗಳು ಹೋಗಿದ್ದವು. ನಾನೇ ಬರೆದದ್ದು. ಹಿರಿಯರು ಓದಿ, ಪೊಲೀಸರು ತನಿಖೆ ನಡೆಸಿದ್ದಾರೆ ಎಂಬಲ್ಲಿಗೆ ನಿಲ್ಲಿಸಿದರು. ಅವಳು ಅಲುಗದೆ ನಿಂತಿದ್ದಳು. ನೇಕಾರ ಅವಳ ಮುಖವನ್ನೇ ನೋಡುತ್ತಿದ್ದ.

“ಮುಂದ?”

“ಮುಂದ ಏನಿಲ್ಲವ್ವಾ. ಅಷ್ಟ ಐತಿ.”

ಅವಳು ಖಾಲಿ ಹಲಗೆಯ ಕಡೆ ಒಮ್ಮೆ ನೋಡಿದಳು. ಹಿರಿಯರ ಮುಂದಿದ್ದ ಎತ್ತರದ ಸ್ಟೂಲನ್ನು ಎಳೆದು ಗಂಡನಿಗೆ ಕೂರಲು ಹೇಳಿ, ತಾನು ಅವನ ಪಕ್ಕದ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಳು. ಹೊರಗೆ ಹಲಗೆ ಬಾರಿಸುವ ಸದ್ದು, ಜಯಘೋಷ ಹತ್ತಿರವಾಗುತ್ತಿತ್ತು.

“ಹಂಗಾದ್ರ ಈಗ ದೊಡ್ಡ ಸುದ್ದಿ ಓದ್ರಿ,” ಎಂದಳು. “ಜೋರಾಗಿ ಓದ್ರಿ.”